ಗೋಡೆಯಿಂದ ಇಳಿದ ಅಕ್ಷರ

ನಾವೆಲ್ಲ ಏಣಿ ಎಂದು ಕರೆಯುತ್ತಿದ್ದವನು ತೀರಿಕೊಂಡ ದಿನ ಅವನಿಗೆ ತೊಡಿಸಿದ ಬಿಳಿ ಅಂಗಿಯನ್ನು ಇಸ್ತ್ರಿ ಮಾಡಿ ತಂದವರು ಅವನ ಗೆಳೆಯ ಜೀರುಂಡೆಯ ತಾಯಿ. ಈಗ ಅವರಿಗೆ ಬಹಳ ವಯಸ್ಸಾಗಿದೆ. ಮಡಿಕೆ ಕೆಡಬಾರದೆಂದು ಅಂಗಿಯನ್ನು ಎರಡೂ ಅಂಗೈಗಳ ಮೇಲಿಟ್ಟುಕೊಂಡು, ತುಂಬಿದ ತಟ್ಟೆ ಹಿಡಿದವರಂತೆ ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದರು. ಪತ್ರಿಕೆಯಿಂದ ಬಂದಿದ್ದ ಹುಡುಗಿ ನನ್ನ ಕಿವಿಯ ಹತ್ತಿರ ಬಾಗಿ, "ಇವರು ತಾಯಿನಾ?" ಅಂದಳು. ಅಲ್ಲ ಅಂದೆ. "ಮತ್ತೆ ಏನಾಗ್ಬೇಕು?" ಅಂದಳು. ಏನಾಗಬೇಕು ಎಂದು ಒಂದು ಪದದಲ್ಲಿ ಹೇಳಲು ನನಗೆ ಬರಲಿಲ್ಲ.

ಮರುದಿನ ಪತ್ರಿಕೆಯಲ್ಲಿ ಬಂತು. ಬೀದಿಯ ಗೋಡೆಗಳಲ್ಲಿ ಅಕ್ಷರ ಬರೆಯುತ್ತಿದ್ದವನು, ಯಾವುದೋ ಪರದೇಶದ ಸಂಗ್ರಹಾಲಯದಲ್ಲಿ ಶಿಲ್ಪ ಕಂಡು ಮನಸ್ಸು ಬದಲಿಸಿದವನು, ನಗರದ ಚೌಕಗಳಲ್ಲಿ ನಿಂತಿರುವ ದೊಡ್ಡ ದೊಡ್ಡ ಅಕ್ಷರಶಿಲ್ಪಗಳನ್ನು ಮಾಡಿದವನು. ಮೊದಲನೆಯದೂ ಕೊನೆಯದೂ ನಿಜ. ಅವನ ಕಲ್ಲಿನ ಅಕ್ಷರಗಳ ಕೆಳಗೆ ಜನ ನಡೆದುಹೋಗುತ್ತಾರೆ, ಮಕ್ಕಳು ಅವುಗಳ ಸುಳಿಯೊಳಗೆ ಕೂತು ತಿಂಡಿ ತಿನ್ನುತ್ತಾರೆ. ಸಂಗ್ರಹಾಲಯದ ಮಾತು ಯಾರದೋ ಊಹೆ. ಅವನು ಯಾವುದನ್ನೂ ತಿದ್ದುವವನಲ್ಲ, "ಬರ್ಕೊಳ್ಳಲಿ ಬಿಡಣ್ಣ, ಅವರಿಗೂ ಗೋಡೆ ಬೇಕಲ್ಲ" ಅನ್ನುತ್ತಿದ್ದ. ಈಗ ತಿದ್ದಲು ಅವನಿಲ್ಲ. ನಾನು ಕಂಡದ್ದನ್ನು ಕಂಡಂತೆ ಬರೆಯುತ್ತೇನೆ.

ನನ್ನದು ಹಳೆಯ ಪುಸ್ತಕಗಳ ಅಂಗಡಿ, ರೈಲಿನ ಮೇಲ್ಸೇತುವೆಯ ಕೆಳಗೆ. ಎದುರಿಗೆ ರಸ್ತೆ, ರಸ್ತೆಯಾಚೆ ಮುಚ್ಚಿಹೋದ ಒಂದು ಗೋದಾಮಿನ ಉದ್ದನೆಯ ಗೋಡೆ. ನಾನು ಅಂಗಡಿ ತೆರೆಯುವುದಕ್ಕೂ ಎಷ್ಟೋ ಮೊದಲಿಂದ ಆ ಗೋಡೆಯ ಮೇಲೆ ಹುಡುಗರು ಬರೆಯುತ್ತಿದ್ದರು. ಒಬ್ಬ ಬರೆದದ್ದರ ಮೇಲೆ ಇನ್ನೊಬ್ಬ, ಅವನದರ ಮೇಲೆ ಮತ್ತೊಬ್ಬ. ಆಗಾಗ ಪಾಲಿಕೆಯವರು ಬಂದು ಎಲ್ಲದರ ಮೇಲೂ ಬೂದು ಬಣ್ಣ ಹೊಡೆದು ಹೋಗುತ್ತಿದ್ದರು. ಒಂದು ವಾರ ಗೋಡೆ ಮುಖ ತೊಳೆದುಕೊಂಡಂತೆ ಇರುತ್ತಿತ್ತು, ಮತ್ತೆ ಶುರು.

ಪಾಲಿಕೆಯ ಆ ಬೂದು ಬಣ್ಣದ ಗುತ್ತಿಗೆ ಏಣಿಯ ಭಾವನದು. ಏಣಿ ಹುಟ್ಟಿನಿಂದ ಅಕ್ಕನ ಮನೆಯಲ್ಲೇ ಬೆಳೆದವನು. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಉದ್ದ ಬೆಳೆದ ಮೇಲೆ ಭಾವ ಅವನ ಕೈಗೆ ರೋಲರ್ ಕೊಟ್ಟ. ವಾರವೆಲ್ಲ ಅವನು ಜನರ ಮನೆಗಳಿಗೆ ಬಣ್ಣ ಬಳಿಯುತ್ತಿದ್ದ. ಭಾನುವಾರ ಅದೇ ಬಣ್ಣದ ಕಲೆಯ ಬಟ್ಟೆ ಹಾಕಿಕೊಂಡು, ಅದೇ ಏಣಿ ಹೊತ್ತುಕೊಂಡು, ಹಾಡಹಗಲೇ ಬಂದು ಗೋಡೆಗೆ ಅಕ್ಷರ ಬರೆಯುತ್ತಿದ್ದ. ಪೊಲೀಸರು ಪಕ್ಕದಲ್ಲೇ ಹಾದುಹೋಗುತ್ತಿದ್ದರು. ಏಣಿ ಹೊತ್ತ ಪೇಂಟರನ್ನು ಯಾರು ಕೇಳುತ್ತಾರೆ? ಒಮ್ಮೆ ಒಬ್ಬ ಪೇದೆ ಏಣಿಯ ಬುಡ ಹಿಡಿದುಕೊಂಡು ಸಹಾಯವನ್ನೂ ಮಾಡಿದ. ಆಮೇಲೆ ಪಾಲಿಕೆಯಿಂದ ಕರೆ ಬಂದಾಗ ಭಾವನ ಜೊತೆ ಹೋಗಿ ತನ್ನದೇ ಅಕ್ಷರದ ಮೇಲೆ ತಾನೇ ಬೂದು ಬಳಿಯುತ್ತಿದ್ದ.

"ಭಾನುವಾರ ಹಡೀತೀಯ, ಬುಧವಾರ ಹೂಳ್ತೀಯ. ನಿನ್ನಂಥ ಕಟುಕನ್ನ ನಾನು ನೋಡಿಲ್ಲ ಕಣೋ," ಅನ್ನುತ್ತಿದ್ದ ಭಾವ.

"ನೀನೇ ಕಲಿಸಿದ ಕೆಲಸ ಅಲ್ವಾ ಭಾವ, ಒಂದು ಕೋಟ್ ಸಾಕಾ, ಎರಡು ಹೊಡೀಲಾ?"

ಅವನು ಬರೆಯುವುದನ್ನು ಮೊದಲ ಸಲ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಗಿರಾಕಿ ಇರಲಿಲ್ಲ, ಕುರ್ಚಿ ಹೊರಗೆ ಹಾಕಿಕೊಂಡು ಕೂತಿದ್ದೆ. ಅವನು ಗೆರೆ ಎಳೆದುಕೊಳ್ಳಲಿಲ್ಲ, ಅಳತೆ ಹಾಕಲಿಲ್ಲ. ಗೋಡೆಗೆ ಬೆನ್ನು ಮಾಡಿ ನಿಂತು ಸ್ವಲ್ಪ ಹೊತ್ತು ರಸ್ತೆ ನೋಡಿದ. ಆಮೇಲೆ ತಿರುಗಿ, ತೋಳನ್ನು ಭುಜದಿಂದಲೇ ಬೀಸಿ ಒಂದೇ ಉಸಿರಲ್ಲಿ ಒಂದು ಠ ತೆಗೆದ. ಆಳೆತ್ತರದ ಅಕ್ಷರ. ಮೊದಲು ಮಾಡಿದ ತುದಿಗೆ ಕೊನೆಯ ತುದಿ ಬಂದು ಸೇರಿದಾಗ ಎಲ್ಲಿ ಸೇರಿತೆಂದು ಗೊತ್ತೇ ಆಗಲಿಲ್ಲ. ಜೀವಮಾನವೆಲ್ಲ ಅಚ್ಚಾದ ಅಕ್ಷರಗಳ ನಡುವೆ ಬದುಕಿದವನು ನಾನು. ಒಂದು ಅಕ್ಷರ ಹುಟ್ಟುವುದನ್ನು ಅವತ್ತೇ ನೋಡಿದ್ದು. ಕುರ್ಚಿಯಿಂದ ಎದ್ದು ನಿಂತಿದ್ದೆ ಎಂದು ಆಮೇಲೆ ತಿಳಿಯಿತು.

ಅವತ್ತಿಂದ ಅವನು ಬರೆದಾದ ಮೇಲೆ ಅಂಗಡಿಗೆ ಬರುತ್ತಿದ್ದ. ನನ್ನನ್ನು 'ಪುಸ್ತಕದಣ್ಣ' ಎಂದು ಕರೆದ, ಹಾಗೇ ಉಳಿಯಿತು. ಹಳೆಯ ಪುಸ್ತಕಗಳನ್ನು ಓದಲು ತೆರೆಯುತ್ತಿರಲಿಲ್ಲ. ಪುಟವನ್ನು ಓರೆ ಹಿಡಿದು, ಅಚ್ಚಿನ ಮೊಳೆ ಕಾಗದದಲ್ಲಿ ಎಷ್ಟು ಕೆಳಗಿಳಿದಿದೆ ಎಂದು ಬೆರಳಲ್ಲಿ ಸವರಿ ನೋಡುತ್ತಿದ್ದ.

ಅವನ ಜೊತೆಗಾರ ಜೀರುಂಡೆ. ಗಿಡ್ಡ ಆಳು, ಬಾಯಲ್ಲಿ ಸದಾ ಏನೋ ಜುಂಯ್ ಎಂದು ಗುನುಗು. ಕೊರಿಯರ್ ಪೊಟ್ಟಣಗಳನ್ನು ಸ್ಕೂಟರಿನಲ್ಲಿ ಮನೆಮನೆಗೆ ತಲುಪಿಸುವ ಕೆಲಸ. ಅವನು ಗೋಡೆಯಲ್ಲಿ ಬರೆಯುತ್ತಿದ್ದುದು ಒಂದೇ ಅಕ್ಷರ, ಳ. ಯಾಕೋ ಅದು, ಅಂದರೆ, "ಪಾಪ ಅದನ್ನ ಯಾವ ಪದಾನೂ ಮುಂದೆ ನಿಲ್ಲಿಸ್ಕೊಳ್ಳಲ್ಲಣ್ಣ. ಯಾವಾಗಲೂ ಯಾರದೋ ಹಿಂದೆ. ನಾನಾದ್ರೂ ನಿಲ್ಲಿಸ್ತೀನಿ," ಅಂದ. ಅವನ ಳ ಐದನೇ ಕ್ಲಾಸಿನ ಹುಡುಗನಷ್ಟು ಎತ್ತರ. ಬಾಲ ಮಾತ್ರ ಉದ್ದಕ್ಕೆ ಇಳಿದು ನೆಲ ಮುಟ್ಟುತ್ತಿತ್ತು. ಏಣಿಯ ಕೈಯಷ್ಟು ನುಣುಪಿಲ್ಲ, ಆದರೆ ನೋಡಿದರೆ ನಗು ಬರುತ್ತಿತ್ತು. ಅಕ್ಷರ ನೋಡಿ ನಗು ಬರುವುದು ಸಣ್ಣ ಮಾತಲ್ಲ.

ಗೋಡೆ ಬರೆಯುವವರಲ್ಲಿ ಕೆಲವು ಕಟ್ಟಲೆಗಳಿದ್ದವು. ಗೆಳೆಯನ ಅಕ್ಷರದ ಮೇಲೆ ಗೆಳೆಯ ಬರೆಯಬಹುದು, ಅದು ಜಗಳವಲ್ಲ, ಕೆಣಕು. ಆದರೆ ಮುಚ್ಚುವಾಗ ಹಳೆಯ ಅಕ್ಷರದ ಒಂದು ತುದಿಯನ್ನು ಬಿಡಬೇಕು, ಕೆಳಗೆ ಯಾರಿದ್ದಾರೆ ಎಂದು ತಿಳಿಯಲಿ ಎಂದು. ಅದಕ್ಕೆ 'ಬಾಲ ಬಿಡೋದು' ಅನ್ನುತ್ತಿದ್ದರು. ಇನ್ನೊಂದು, ಸತ್ತವನ ಅಕ್ಷರವನ್ನು ಯಾರೂ ಮುಚ್ಚಬಾರದು. ಅದು ತಾನಾಗಿ ಉದುರುವ ತನಕ ಇರಬೇಕು. ಈ ಕಟ್ಟಲೆಯನ್ನು ಮುರಿದವರನ್ನು ನಾನು ನೋಡಿರಲಿಲ್ಲ. ಏಣಿಯ ಭಾವ ಕೂಡ ಅಂಥ ಅಕ್ಷರ ಬಂದರೆ ರೋಲರನ್ನು ಸುತ್ತು ಹಾಕಿಸಿ ಮುಂದೆ ಹೋಗುತ್ತಿದ್ದ.

ಆ ಭಾನುವಾರ ಬೆಳಗ್ಗೆ ಏಣಿ ಬೇಗ ಬಂದಿದ್ದ. ಹಿಂದಿನ ವಾರ ಜೀರುಂಡೆ ಅವನ ಠದ ಮೇಲೆ ತನ್ನ ಳ ಕೂರಿಸಿದ್ದ. ಇದು ಅದಕ್ಕೆ ಉತ್ತರ. ಕೆಂಪು ತಳ ಹೊಡೆದು, ಅದರ ಮೇಲೆ ಕಪ್ಪು ಠ. ಕಟ್ಟಲೆಯಂತೆ ಳದ ಬಾಲವನ್ನು ಬಿಟ್ಟ. ನೆಲದ ಹತ್ತಿರ ಒಂದು ಗೇಣು ಹಳದಿ. ಮುಗಿಸಿ ನನ್ನ ಅಂಗಡಿಯ ಮುಂದೆ ನಿಂತು ಕೈ ಒರೆಸಿಕೊಳ್ಳುತ್ತಾ, "ಬರಲಿ ಅವನು, ಉರ್ಕೋತಾನೆ ನೋಡಿ," ಎಂದು ನಗುತ್ತಿದ್ದ. ಆಗ ಪಕ್ಕದ ಪಂಕ್ಚರ್ ಅಂಗಡಿಯವನು ಫೋನನ್ನು ಕಿವಿಯಿಂದ ಇಳಿಸಿ, ನಮ್ಮಿಬ್ಬರನ್ನೂ ನೋಡಿದ. ಜೀರುಂಡೆಯ ಸ್ಕೂಟರ್ ಬೆಳಗಿನ ಜಾವ ಲಾರಿಯ ಕೆಳಗೆ ಹೋಗಿತ್ತು. ಏಣಿ ಸ್ಪ್ರೇ ಡಬ್ಬಿ ಕುಲುಕುವ ಹೊತ್ತಿಗಾಗಲೇ ಅವನಿರಲಿಲ್ಲ.

ಏಣಿ ತಿರುಗಿ ಗೋಡೆ ನೋಡಿದ. ಕೆಂಪು ಇನ್ನೂ ಒಣಗಿರಲಿಲ್ಲ.

ಜೀರುಂಡೆಯ ತಾಯಿಗೆ ಮಗ ಗೋಡೆಗಳಲ್ಲಿ ಬರೆಯುತ್ತಾನೆ ಎಂಬುದೇ ಗೊತ್ತಿರಲಿಲ್ಲ. ಎರಡು ಬೀದಿ ಆಚೆ ಅವರ ಇಸ್ತ್ರಿ ಅಂಗಡಿ. ಬೆರಳುಗಳ ಮೇಲೆ ಹಳೆಯ ಸುಟ್ಟ ಗುರುತುಗಳಿದ್ದ, ಮಾತು ಚೂಪಾದ ಹೆಂಗಸು. ಮಣ್ಣು ಮಾಡಿದ ದಿನ ಹುಡುಗರಲ್ಲಿ ಯಾರೋ, "ಅಮ್ಮ, ಅವನ ಅಕ್ಷರ ಸೇತುವೆ ಕೆಳಗಿದೆ, ಒಂದ್ಸಲ ನೋಡಿ," ಎಂದುಬಿಟ್ಟಿದ್ದ. ಕೆಲವು ದಿನ ಬಿಟ್ಟು ಅವರು ಬಂದರು. ನನ್ನ ಅಂಗಡಿಯ ಮುಂದೆ ನಿಂತು ಗೋಡೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದರು.

"ಇದರಲ್ಲಿ ನನ್ನ ಮಗಂದು ಯಾವುದಪ್ಪ?"

ಏಣಿ ಒಳಗೆ ಪುಸ್ತಕದ ಕಟ್ಟುಗಳ ಮೇಲೆ ಕೂತಿದ್ದ. ಎದ್ದು ಬಂದ. ಕಾಲೆಳೆಯುತ್ತಾ ರಸ್ತೆ ದಾಟಿ, ಗೋಡೆಯ ಬುಡದಲ್ಲಿ ಕೂತು, ಆ ಒಂದು ಗೇಣು ಹಳದಿಯನ್ನು ತೋರಿಸಿದ.

ಅವರು ಬಗ್ಗಿ ನೋಡಿದರು. "ಇಷ್ಟೇನಾ?"

"ಉಳಿದದ್ದು ಒಳಗಿದೆ ಅಮ್ಮ."

"ಮೇಲೆ ಇರೋದು ಯಾರದು?"

"ನಂದು."

"ಯಾವತ್ತು ಬರೆದೆ?"

ಅವನು ಹೇಳಿದ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅವರು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತರು. ಪಂಕ್ಚರ್ ಅಂಗಡಿಯವನು ಅಲ್ಲಿಗೇ ಓಡಿಬಂದು ತನ್ನ ಫೋನಿನಲ್ಲಿದ್ದ ಚಿತ್ರ ತೋರಿಸಿದ: ಪೂರ್ತಿ ಳ, ಪಕ್ಕದಲ್ಲಿ ಹಲ್ಲು ಕಿರಿಯುತ್ತಾ ಜೀರುಂಡೆ.

"ಫೋಟೋ ನನ್ನ ಹತ್ರ ಬೇಕಾದಷ್ಟಿದೆ ಕಣಪ್ಪ, ತೊಟ್ಟಿಲಲ್ಲಿರೋದ್ರಿಂದ. ಅವನ ಕೈ ಆಡಿದ್ದು ನೋಡೋಣ ಅಂತ ಬಂದೆ."

"ನಾನು ಹಾಗೇ ಬರ್ದುಕೊಡ್ತೀನಿ ಅಮ್ಮ. ಕೂದಲೆಳೆಯಷ್ಟು ವ್ಯತ್ಯಾಸ ಬರಲ್ಲ," ಅಂದ ಏಣಿ.

"ನೀನು ಬರೆದ್ರೆ ನಿಂದಾಯ್ತು. ನಂಗ್ಯಾಕೆ?" ಎಂದು ಹೊರಟೇಹೋದರು.

ಅವನು ಅಲ್ಲೇ ಕೂತಿದ್ದ. ಬಿಸಿಲು ನೆತ್ತಿಗೆ ಬಂದರೂ ಎದ್ದಿರಲಿಲ್ಲ. ಭಾವ ಬಂದು ಎಬ್ಬಿಸಲು ನೋಡಿದ. "ಬೇಕು ಅಂತ ಮಾಡಿದ್ಯೇನೋ? ನಿಂಗೆ ಕನಸು ಬಿದ್ದಿತ್ತಾ?" ಅಂದ. ಏಣಿ, "ಭಾವ, ಮೇಲಿನ ಕೋಟ್ ಮಾತ್ರ ತೆಗೆದು, ಕೆಳಗಿನ ಕೋಟನ್ನ ಉಳಿಸೋಕಾಗತ್ತಾ?" ಎಂದು ಕೇಳಿದ. ಭಾವ ಜೀವಮಾನವೆಲ್ಲ ಬಣ್ಣ ಹಚ್ಚಿದವನು. ತಲೆ ಕೆರೆದುಕೊಂಡು, "ಹಚ್ಚೋದು ಗೊತ್ತು. ಪೂರ್ತಿ ಕೆರೆಯೋದು ಗೊತ್ತು. ನಡುವೆ ನಿಲ್ಲಿಸೋದು ಯಾರೂ ಕೇಳಿಲ್ಲ ಕಣೋ," ಅಂದ.

ಮರುದಿನದಿಂದ ಅವನು ಅದನ್ನೇ ಶುರುಮಾಡಿದ.

ಬಣ್ಣ ಕರಗಿಸುವ ಎಣ್ಣೆಗಳು ಕೆಲಸಕ್ಕೆ ಬರಲಿಲ್ಲ. ಅವು ಮೇಲಿನದನ್ನೂ ಕೆಳಗಿನದನ್ನೂ ಒಟ್ಟಿಗೆ ಕಲಸಿ ಕೆಸರು ಮಾಡುತ್ತಿದ್ದವು. ಗೋಡೆಯ ದೂರದ ಮೂಲೆಯಲ್ಲಿ ತನ್ನದೇ ಹಳೆಯ ಅಕ್ಷರಗಳ ಮೇಲೆ ಪ್ರಯೋಗ ಮಾಡಿದ. ಗೋಡೆಯ ಬಿರುಕಿಗೆ ಪುಟ್ಟಿ ಎಳೆಯುವ ಬ್ಲೇಡು ದಪ್ಪವಾಯಿತು. ಕ್ಷೌರದ ಬ್ಲೇಡನ್ನು ಮರದ ಹಿಡಿಗೆ ಸಿಕ್ಕಿಸಿ ನೋಡಿದ. ಕೊನೆಗೆ ಒಂದು ಸಂಗತಿ ಗೊತ್ತಾಯಿತು: ಬೆಳಗಿನ ತಂಪಿನಲ್ಲಿ ಬಣ್ಣ ಗಾಜಿನಂತೆ ಸಿಡಿಯುತ್ತಿತ್ತು, ನಡುಹಗಲ ಬಿಸಿಲು ಗೋಡೆಗೆ ಬಿದ್ದು ಕಾದಾಗ ಮೇಲಿನ ಹೊಸ ಪದರ ಮಾತ್ರ ಮೆತ್ತಗಾಗಿ, ಬ್ಲೇಡಿನ ಮುಂದೆ ಹಣ್ಣಿನ ಸಿಪ್ಪೆಯಂತೆ ಸುರುಳಿ ಸುತ್ತುತ್ತಿತ್ತು. ಹಾಗಾಗಿ ದಿನಾ ಜನ ನೆರಳು ಹುಡುಕುವ ಹೊತ್ತಿಗೆ ಅವನು ಬಿಸಿಲಲ್ಲಿ ಕೂತ. ಭಾವ ಗೊಣಗುತ್ತಾ ಕೆಲಸಕ್ಕೆ ಬೇರೆಯವರನ್ನು ಕರೆದುಕೊಂಡ. ಅಕ್ಕ ಊಟದ ಡಬ್ಬಿ ನನ್ನ ಅಂಗಡಿಗೆ ಕಳಿಸತೊಡಗಿದಳು.

ಅಗಲವಾಗಿ ತೋಳು ಬೀಸಿ ಅಕ್ಷರ ತೆಗೆಯುತ್ತಿದ್ದವನು ಈಗ ಉಸಿರು ಬಿಗಿಹಿಡಿದು ಉಗುರಿನಷ್ಟು ಜಾಗ ಕೆರೆಯುತ್ತಿದ್ದ. ನಾನು ದಿನಾ ನೋಡುತ್ತಿದ್ದೆ. ಆ ಕೈಗೆ ಇಷ್ಟೊಂದು ತಾಳ್ಮೆ ಎಲ್ಲಿ ಅಡಗಿತ್ತು ಎಂದು ಈಗಲೂ ನನಗೆ ಬೆರಗು.

ಜೀರುಂಡೆಯ ತಾಯಿಯ ಕಿವಿಗೂ ಸುದ್ದಿ ಬಿತ್ತು. ಬಟ್ಟೆ ಕೊಡಲು ಹೋಗುವ ನೆವದಲ್ಲಿ ಈ ದಾರಿಗೆ ಬರತೊಡಗಿದರು. ಮಾತು ಬೇಡ ಎಂಬಂತೆ ದೂರ ನಿಲ್ಲುವುದು, ಆಮೇಲೆ ತಡೆಯಲಾಗದೆ ಹತ್ತಿರ ಬರುವುದು.

"ಏನೋ ಅದು, ಇರುವೆ ಗುಡ್ಡ ತೋಡಿದ ಹಾಗೆ?"

"ಇರುವೆ ತೋಡಿದ್ರೂ ಗುಡ್ಡ ತೋಡತ್ತಲ್ಲಮ್ಮ."

"ಬಾಯಿಗೇನೂ ಕಮ್ಮಿ ಇಲ್ಲ. ತಲೆ ಮೇಲೆ ಬಟ್ಟೆ ಹಾಕ್ಕೋ. ಒಬ್ಬನ್ನ ಕಳ್ಕೊಂಡಿದ್ದು ಸಾಲದಾ?"

ಮರುದಿನ ತಾವೇ ಒಂದು ಟವೆಲ್ ತಂದು ಅವನ ಮಡಿಲಿಗೆ ಎಸೆದು ಹೋದರು. ಅದನ್ನೂ ಇಸ್ತ್ರಿ ಮಾಡಿದ್ದರು.

ಅಕ್ಷರದ ಮುಕ್ಕಾಲು ಭಾಗ ಹೊರಬಂದಿತ್ತು. ಹಳದಿ ಳ, ತನ್ನ ಸುಳಿಯೊಂದಿಗೆ, ಕೆಂಪಿನ ಕೆಳಗಿಂದ ನಿಧಾನ ಕಣ್ಣು ಬಿಡುತ್ತಿತ್ತು. ಆಗ ಅವನ ಕೈ ಜಾರಿತು. ಸುಳಿಯ ತಿರುವಿನಲ್ಲಿ ಬ್ಲೇಡು ಹಳದಿಯನ್ನೂ ಸೀಳಿ ಕೆಳಗಿಳಿಯಿತು. ಅವನು ಕೂಗಿದ್ದು ಕೇಳಿ ಬೆರಳು ಕುಯ್ದುಕೊಂಡನೆಂದು ನಾನು ಓಡಿದೆ. ಅವನು ಬೆರಳಿಟ್ಟುಕೊಂಡು ಮುಚ್ಚಿದ್ದು ಗೋಡೆಯ ಗಾಯವನ್ನು.

"ನೋಡಿ ಅಣ್ಣ. ಅವನ ಅಕ್ಷರಾನ ಎರಡನೇ ಸಲ ಹಾಳುಮಾಡಿದೆ."

ಬೆರಳು ತೆಗೆಸಿ ನೋಡಿದೆ. ಸೀಳಿದ ಜಾಗದಲ್ಲಿ ಇಟ್ಟಿಗೆ ಕಾಣಲಿಲ್ಲ. ಬಣ್ಣ ಕಂಡಿತು. ಹಳದಿಯ ಕೆಳಗೆ ಕಪ್ಪು, ಕಪ್ಪಿನ ಕೆಳಗೆ ಬೂದು, ಆಮೇಲೆ ಹಸಿರು, ಗುಲಾಬಿ, ಮತ್ತೆ ಬೂದು, ಬೆಳ್ಳಿ, ನೀಲಿ, ಕಿತ್ತಳೆ, ಮತ್ತೆ ಬೂದು. ಒಂದೊಂದೂ ಕಾಗದದಷ್ಟು ತೆಳ್ಳಗೆ. ಮುಚ್ಚಿಟ್ಟ ದಪ್ಪ ಪುಸ್ತಕವನ್ನು ಪಕ್ಕದಿಂದ ನೋಡಿದಂತೆ. ಹೆಬ್ಬೆರಳಿಗಿಂತ ದಪ್ಪ ಇತ್ತು ಆ ತೊಗಟೆ. ಅಷ್ಟು ವರ್ಷ ಅದರ ಎದುರು ಕೂತಿದ್ದೆ, ಅದನ್ನು ಗೋಡೆ ಎಂದು ತಿಳಿದಿದ್ದೆ. ನಾವು ನೋಡುತ್ತಿದ್ದುದು ಇಟ್ಟಿಗೆಯನ್ನಲ್ಲವೇ ಅಲ್ಲ. ಒಬ್ಬರ ಮೇಲೊಬ್ಬರು ಒರಗಿ ನಿಂತಿದ್ದ ಜನರನ್ನು. ಏಣಿ ಆ ಸೀಳಿನ ಅಂಚಿನ ಮೇಲೆ ಉಗುರಾಡಿಸಿದ. ಅವನ ಮುಖದಲ್ಲಿ ಅವತ್ತು ಕಂಡದ್ದನ್ನು ನಾನು ಆಮೇಲೆ ಕಲ್ಲಿನ ಮುಂದೆ, ಮರದ ದಿಮ್ಮಿಯ ಮುಂದೆ ಎಷ್ಟೋ ಸಲ ಕಂಡೆ. ಮೊದಲು ಕಂಡದ್ದು ಅಲ್ಲಿ.

ತಾಯಿ ಬಂದಾಗ ಅವನು ತಾನಾಗಿಯೇ ಗಾಯ ತೋರಿಸಿದ. ಬೈಗುಳಕ್ಕೆ ತಲೆ ತಗ್ಗಿಸಿ ನಿಂತ. ಅವರು ಬೈಯಲಿಲ್ಲ. ಕನ್ನಡಕ ಮೇಲೆತ್ತಿ ಆ ಸೀಳಿಗೆ ಮುಖ ಹತ್ತಿರ ತಂದರು.

"ಇವೆಲ್ಲ ಯಾರವು?"

"ಗೊತ್ತಿಲ್ಲ ಅಮ್ಮ. ನಮಗಿಂತ ಮುಂಚಿನವರದು. ಕೆಲವು ನಮ್ಮ ಭಾವಂದು."

"ಇಷ್ಟು ಜನದ ಮೇಲೆ ನಿಂತಿದ್ನಾ ಇವನು?" ಎಂದರು. ತುಂಬ ಮೆತ್ತಗೆ, ಯಾರಿಗೂ ಅಲ್ಲದೆ. ಆಮೇಲೆ ನನ್ನ ಕಡೆ ತಿರುಗಿ, "ಮನೇಲಿ ಸ್ಟೂಲ್ ಮೇಲೆ ನಿಂತ್ರೆ ಬೀಳ್ತಿದ್ದ," ಅಂದರು.

ಅಕ್ಷರ ಪೂರ್ತಿ ಹೊರಬಂದ ದಿನ ಗೋಡೆ ಬರೆಯುವ ಹುಡುಗರೆಲ್ಲ ಬಂದು ನೋಡಿ ಹೋದರು. ತಾಯಿ ಕುರ್ಚಿ ಹಾಕಿಸಿಕೊಂಡು ಎದುರಿಗೆ ಕೂತರು. ಕೈಯನ್ನು ಗಾಳಿಯಲ್ಲಿ ಆಡಿಸುತ್ತಾ, ಮಗನ ತೋಳು ಎಲ್ಲಿ ಶುರುವಾಗಿ ಎಲ್ಲಿ ತಿರುಗಿರಬೇಕೆಂದು ತಾವೇ ಬರೆದು ಬರೆದು ನೋಡುತ್ತಿದ್ದರು. ಅಷ್ಟಕ್ಕೇ ಎಲ್ಲ ಮುಗಿದಿದ್ದರೆ ಏಣಿ ಬಹುಶಃ ಮತ್ತೆ ಬಣ್ಣದ ಡಬ್ಬಿ ಹಿಡಿಯುತ್ತಿದ್ದ.

ಆದರೆ ಅಳತೆಯವರು ಬಂದರು. ಸೇತುವೆಗೆ ಹೊಸ ಕಂಬಗಳು ಬೇಕಂತೆ, ಗೋದಾಮು ಗೋಡೆ ಎಲ್ಲ ಕೆಡವುತ್ತಾರಂತೆ. ಗೋಡೆಯ ಉದ್ದಕ್ಕೂ ಸುಣ್ಣದ ಗುರುತು ಹಾಕಿದರು, ಒಂದು ಗುರುತು ಸರಿಯಾಗಿ ಳದ ತಲೆಯ ಮೇಲೆ. ತಾಯಿ ಅದನ್ನು ನೋಡಿದರು. "ಇನ್ನೊಂದ್ಸಲ ಕಳಿಸಿಕೊಡಬೇಕಾ?" ಎಂದಷ್ಟೇ ಹೇಳಿದರು. ಏಣಿಗೆ ಬೈದಿದ್ದರೂ ಅಷ್ಟು ತಾಗುತ್ತಿರಲಿಲ್ಲ.

ಅಕ್ಷರವನ್ನೇ ಇಳಿಸುತ್ತೇನೆ ಎಂದ. ಬಣ್ಣದ ಮೇಲ್ಪದರವನ್ನಲ್ಲ, ತೊಗಟೆಯ ಪೂರ್ತಿ ದಪ್ಪವನ್ನು. ಭಾವ, "ಮುರಿಯತ್ತೆ. ಒಂದು ಚೂರೂ ಸಿಗಲ್ಲ," ಅಂದ. ನನಗೂ ಹಾಗೇ ಅನ್ನಿಸಿತು. ಏಣಿ ತೆಳ್ಳನೆಯ ಗರಗಸದ ಅಲಗಿನಿಂದ ಹಳದಿಯ ಅಂಚಿಗೇ ತಾಗಿ ಇಟ್ಟಿಗೆಯ ಗಾರೆಯ ತನಕ ಕೊರೆದ. ಸುಳಿಯ ಒಳಗಿನ ಜಾಗವನ್ನೂ ಬಿಡಿಸಿ ತೆಗೆದ. ಇನ್ನು ಬೆನ್ನು. ಪಂಕ್ಚರ್ ಅಂಗಡಿಯವನು ಹಳೆಯ ಮೋಟರ್‌ಸೈಕಲ್ಲಿನ ಕ್ಲಚ್ ವೈರ್ ತಂದುಕೊಟ್ಟ. ಎರಡು ತುದಿಗೂ ಮರದ ಹಿಡಿ ಕಟ್ಟಿ, ತೊಗಟೆಗೂ ಗಾರೆಗೂ ನಡುವೆ ತೂರಿಸಿ, ಈ ಕಡೆ ಏಣಿ, ಆ ಕಡೆ ಭಾವ, ಮೆಲ್ಲಗೆ ಎಳೆದಾಡಿದರು. ಗಾರೆ ಹಿಟ್ಟಿನಂತೆ ಉದುರುತ್ತಿತ್ತು. ತಾಯಿ ಇಸ್ತ್ರಿ ಮೇಜಿನ ಮೇಲೆ ಹಾಸುವ ದಪ್ಪ ಕಂಬಳಿ ತಂದಿದ್ದರು. ಅದರ ನಾಲ್ಕು ಮೂಲೆ ಹಿಡಿದು ನಾವು ಕೆಳಗೆ ನಿಂತೆವು.

"ಬಿಗಿಯಾಗಿ ಹಿಡೀರಪ್ಪ. ಇವನನ್ನ ಹೆತ್ತಾಗ್ಲೂ ಇಷ್ಟು ಜನ ಇರ್ಲಿಲ್ಲ," ಅಂದರು ಅವರು. ಯಾರಿಗೂ ನಗಲು ಧೈರ್ಯ ಬರಲಿಲ್ಲ.

ಅದು ಕಳಚಿದ್ದು ಸದ್ದಿಲ್ಲದೆ. ತೊಗಟೆ ಗೋಡೆಯಿಂದ ಮುಂದಕ್ಕೆ ಬಾಗಿತು, ಒಂದು ಕ್ಷಣ ಯೋಚಿಸಿತು, ಕಂಬಳಿಯ ಮೇಲೆ ಮಲಗಿತು. ಮುರಿಯಲಿಲ್ಲ. ಅದರ ಬೆನ್ನು ಮೇಲಾಗಿತ್ತು. ಅಲ್ಲಿ, ಗಾರೆಯ ಧೂಳಿನ ಕೆಳಗೆ, ಕಡುನೀಲಿಯ ಒಂದು ಪಟ್ಟೆ. ಆ ಗೋಡೆಗೆ ಮೊಟ್ಟಮೊದಲು ಬಣ್ಣ ಹಚ್ಚಿದ ಯಾವನದೋ ಗೆರೆ, ನಾವು ಹಿಂದಿನಿಂದ ನೋಡುತ್ತಿದ್ದೆವು. ಗೋಡೆಗೆ ಮಾತ್ರ ಗೊತ್ತಿದ್ದ ಮುಖ ಅದು.

ಇಸ್ತ್ರಿ ಅಂಗಡಿಗೆ ಹೊತ್ತು ತಂದೆವು. ಚಿಕ್ಕ ಕೋಣೆ. ಒಂದು ಕಡೆ ಮೇಜು, ಒಂದು ಕಡೆ ಹೊಗೆಯಾಡುವ ಇದ್ದಿಲ ಇಸ್ತ್ರಿ ಪೆಟ್ಟಿಗೆ, ತಂತಿಯ ಮೇಲೆ ಜನರ ಅಂಗಿಗಳು. ಏಣಿ ಅಕ್ಷರವನ್ನು ಗೋಡೆಗೆ ಒರಗಿಸಲು ಹೋದ.

"ಒರಗಿಸಬೇಡ್ವೋ. ಸೋಮಾರಿ ತರ ಕಾಣ್ತಾನೆ. ನಿಲ್ಲಿಸು."

"ಇದು ಹಲಗೆ ಇದ್ದ ಹಾಗೆ ಅಮ್ಮ, ನಿಲ್ಲಲ್ಲ. ಹಿಂದೊಂದು ಕಬ್ಬಿಣದ ಊರುಗೋಲು ಕೊಡ್ತೀನಿ."

"ನನ್ನ ಮಗ ಕುಂಟನಾ?"

ಅವನು ನಿಲ್ಲಿಸಿ ನೋಡಿದ. ಕೈಬಿಟ್ಟರೆ ವಾಲುತ್ತಿತ್ತು. ಬುಡವನ್ನು ಸಮ ಮಾಡಿದ, ವಾಲಿತು. ದಿನಗಟ್ಟಲೆ ಅದರ ಜೊತೆ ಕುಸ್ತಿ ಮಾಡಿದ. "ಅಕ್ಷರಕ್ಕೆ ತೂಕ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಪುಸ್ತಕದಣ್ಣ. ಇಷ್ಟು ವರ್ಷ ಗೋಡೇನೇ ಹೊತ್ಕೊಂಡಿತ್ತು," ಅಂದ. ಸೋತು ಬಾಗಿಲಲ್ಲಿ ಕೂತು ತಾಯಿ ಕೆಲಸ ಮಾಡುವುದನ್ನು ನೋಡುತ್ತಿದ್ದ. ಅವರು ಅಂಗಿಯ ಕಾಲರನ್ನು ಬಿಸಿ ಇರುವಾಗಲೇ ಮುಷ್ಟಿಗೆ ಸುತ್ತಿ ಬಾಗಿಸಿ ಬಿಡುತ್ತಿದ್ದರು. ಚಪ್ಪಟೆಯಾಗಿದ್ದಾಗ ಮಲಗುತ್ತಿದ್ದ ಬಟ್ಟೆ, ಬಾಗಿದ ಮೇಲೆ ಎದ್ದು ನಿಲ್ಲುತ್ತಿತ್ತು. ಒಂದಾದ ಮೇಲೊಂದು ಅಂಗಿ. ಏಣಿ ಥಟ್ಟನೆ ಎದ್ದ.

"ಅಮ್ಮ, ಪೆಟ್ಟಿಗೆ ಕೊಡಿ."

"ಮುಟ್ಟಬೇಡ. ನಿಂಗೆ ಬರಲ್ಲ, ಸುಡ್ತೀಯ. ಎಲ್ಲಿಗೆ ಶಾಖ ಬೇಕು ಹೇಳು."

ಮೇಜಿನ ಮೇಲೆ ಅಕ್ಷರವನ್ನು ಮಲಗಿಸಿ, ಅದರ ಮೇಲೆ ಒದ್ದೆ ಬಟ್ಟೆ ಹಾಸಿದರು. ತಾಯಿ ಇಸ್ತ್ರಿ ಪೆಟ್ಟಿಗೆ ಇಟ್ಟರು. ಹಬೆ ಎದ್ದು, ಹಳೆಯ ಬಣ್ಣದ ಘಾಟು ಕೋಣೆ ತುಂಬಿತು. ತಲೆಯಿಂದ ಶುರುಮಾಡಿ ಸುಳಿಯ ಸುತ್ತ, ಸೀಳಿದ ಗಾಯದ ಹತ್ತಿರ ಕೈ ಹಗುರ ಮಾಡಿ, ಆಮೇಲೆ ಬಾಲದ ತನಕ, ಒಂದಿಷ್ಟೂ ಆತುರವಿಲ್ಲದೆ ಅವರು ಮಗನ ಅಕ್ಷರಕ್ಕೆ ಇಸ್ತ್ರಿ ಹಾಕಿದರು. ನಾನು ಬಾಗಿಲ ಹೊರಗೆ ನಿಂತಿದ್ದೆ; ಒಳಗೆ ಕಾಲಿಡಲು ಮನಸ್ಸಾಗಲಿಲ್ಲ.

"ಈಗ," ಅಂದರು.

ಏಣಿ ಬಟ್ಟೆಯ ಸಮೇತ ಅದನ್ನು ಎತ್ತಿ ಎದೆಗೆ ಅಪ್ಪಿಕೊಂಡ. ಅವನ ಆ ಉದ್ದ ತೋಳುಗಳ ನಡುವೆ ಅಷ್ಟು ಜನರ ಬಣ್ಣ ಮೆಲ್ಲಗೆ ಬಾಗಿತು. ಆರುವ ತನಕ ಹಾಗೇ ಹಿಡಿದು ನಿಂತ. ಎದೆ ಸುಟ್ಟಿರಬೇಕು. ಆಮೇಲೆ ನೆಲಕ್ಕೆ ಇಳಿಸಿ, ಒಂದು ಕೈ ತೆಗೆದ. ಇನ್ನೊಂದು ಕೈ ತೆಗೆದ.

ನಿಂತಿತು.

ಗೋಡೆಯಿಲ್ಲ, ಹಾಳೆಯಿಲ್ಲ, ಹಿಂದೆ ಏನೂ ಇಲ್ಲ. ಒಂದು ಅಕ್ಷರ ತನ್ನ ಕಾಲ ಮೇಲೆ ತಾನು, ಒಂದಿಷ್ಟು ಮುಂದಕ್ಕೆ ಬಾಗಿ, ನಮ್ಮ ನಡುವೆ ನಿಂತಿತ್ತು. ಅದರ ನೆರಳು ನೆಲದ ಮೇಲೆ ಬಿದ್ದಿತ್ತು. ಅಕ್ಷರಕ್ಕೆ ನೆರಳಿರುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಓದಿದ ಪುಸ್ತಕಗಳೆಲ್ಲ ಆ ಹೊತ್ತಿಗೆ ನನಗೆ ಚಿಕ್ಕವಾಗಿ ಕಂಡವು.

ತಾಯಿ ಇಸ್ತ್ರಿ ಪೆಟ್ಟಿಗೆಯನ್ನು ಕಲ್ಲಿನ ಮೇಲಿಟ್ಟು ಹತ್ತಿರ ಬಂದರು. ಮುಂದಿನಿಂದ ನೋಡಿದರು. ಅಂಚಿನಲ್ಲಿ ಬೆರಳು ಓಡಿಸಿ ಪದರಗಳನ್ನು ಮುಟ್ಟಿದರು. ಆಮೇಲೆ, ಯಾರೂ ಹೇಳದೆಯೇ, ಸುತ್ತಿ ಅದರ ಹಿಂದೆ ಹೋದರು. ಸುಳಿಯ ತೂತಿನಿಂದ ಅವರ ಮುಖದ ಅರ್ಧ ನಮಗೆ ಕಾಣುತ್ತಿತ್ತು.

"ಬೆನ್ನೂ ಇದೆ ಕಣೋ," ಅಂದರು.

ಅಂಗೈಯಿಂದ ಅದನ್ನು ಸ್ವಲ್ಪ ತಳ್ಳಿ ನೋಡಿದರು. ಓಲಾಡಿ ಮತ್ತೆ ನೆಟ್ಟಗಾಯಿತು. ಇನ್ನೊಮ್ಮೆ ತಳ್ಳಿದರು. ಏಣಿ ತಲೆ ಬಗ್ಗಿಸಿ ನೆಲದ ಮೇಲೆ ಕೂತುಬಿಟ್ಟಿದ್ದ, ಭುಜ ಅಲುಗುತ್ತಿತ್ತು. ಅವರು ಬಂದು ಅವನ ತಲೆಯ ಮೇಲೆ ಕೈ ಇಡಲಿಲ್ಲ, ಅಂಥವರಲ್ಲ. ತಂತಿಯಿಂದ ಒಂದು ಅಂಗಿ ಎಳೆದುಕೊಂಡು ಮೇಜಿನ ಮೇಲೆ ಹರಡಿ, ನೀರು ಚಿಮುಕಿಸುತ್ತಾ ಹೇಳಿದರು:

"ಇದು ನನ್ನ ಮಗಂದಾಯ್ತು. ಏಳು. ಇನ್ನು ನಿಂದು ನಿಲ್ಲಿಸು ಹೋಗು."